ಗೃಹವಿಚಾರ: ತಿಥಿ ತಿಳಿಸಿ ಬರುವ ಅತಿಥಿ

‘ಅತಿಥಿ’ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಹೇಳುತ್ತ ಬಂದಿರುವ ಒಂದು ವ್ಯುತ್ಪತ್ತಿಯುಂಟು. ಯಾವನಿಗೆ ಗೊತ್ತಾದ ತಿಥಿಯಿಲ್ಲವೋ, ಎಂದರೆ ಇಂಥ ದಿನ ಬರುವೆನೆಂದು ತಿಳಿಸದೆಯೇ ಯಾವನು ಬಾಗಿಲಿಗೆ ಬಂದು ನಿಲ್ಲುವನೋ, ಅವನೇ ಅತಿಥಿ. ಅಂಥವನನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಉಪದೇಶಿಸುತ್ತದೆ. ಈಗಿನ ಕಾಲದಲ್ಲಾದರೋ ಇನ್ನೊಂದು ಬಗೆಯ ಅತಿಥಿಯು ತೋರಿಕೊಂಡಿದ್ದಾನೆ. ಅವನು ತಿಂಗಳು ಮೊದಲೇ ಮೊಬೈಲಿನಲ್ಲಿ ಕೋಣೆಯ ಚಿತ್ರವನ್ನು ನೋಡಿ, ತಿಥಿಯನ್ನು ನಿಶ್ಚಯಿಸಿ, ಹಣವನ್ನು ಮುಂಗಡವಾಗಿ ಕೊಟ್ಟು ಬರುತ್ತಾನೆ. ತಿಥಿಯಿಲ್ಲದೆ ಬಂದವನಿಗೆ ಮನೆಯಲ್ಲಿ ಇದ್ದುದನ್ನು ಕೊಟ್ಟರೆ ಅದು ಧರ್ಮವೆನಿಸುವುದು. ಹಣ ಕೊಟ್ಟು ಬಂದವನಿಗೆ ಹೇಳಿದುದನ್ನು ಕೊಡದಿದ್ದರೆ ಅದು ತೀರದ ಋಣವೆನಿಸುವುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ತಿಂಗಳ ವಿಚಾರವನ್ನು ಓದುಗರ ಮುಂದಿಡುತ್ತೇವೆ.

ಆಳಂದ ತಾಲೂಕಿನ ಭೂಸನೂರ ಸೀಮೆಯ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಹೊಲದ ಬದಿಯಲ್ಲಿ ಅವರ ಹಿರಿಯರ ವಾಡೆಯೊಂದು ಖಾಲಿ ಬಿದ್ದಿದೆಯಂತೆ. ಅದನ್ನು ಸಿಂಗರಿಸಿ, ಗಾಣಗಾಪುರಕ್ಕೆ ಬರುವ ಅನುಕೂಲಸ್ಥ ಯಾತ್ರಿಕರಿಗೆ ನಾಲ್ಕಾರು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡಬೇಕೆಂಬುದು ಅವರ ಸಂಕಲ್ಪ. ಕೊಳ್ಳತಕ್ಕ ಸಾಮಾನುಗಳ ಯಾದಿಯನ್ನೂ ಕಳಿಸಿದ್ದಾರೆ: ತೊಗಲಿನ ಸೋಫಾ, ಗಾಜಿನ ಮೇಜು, ತೂಗುದೀಪದ ದೊಡ್ಡ ಗೊಂಚಲು, ಮಲಗಿ ಮೀಯುವ ತೊಟ್ಟಿ, ಗೋಡೆಯಗಲದ ಟೀವಿ, ಕೋಣೆಗೊಂದು ಏರ್ ಕಂಡೀಶನರ್. ಇದಕ್ಕಾಗಿ ತೊಗರಿ ಬೆಳೆಯುವ ಹೊಲವನ್ನು ಒತ್ತೆಯಿಡುವ ಯೋಚನೆಯೂ ಉಂಟಂತೆ. ಕಾಗದದ ಕೊನೆಯಲ್ಲಿ ಬೇರೊಂದು ಕೈಬರಹದ ಒಂದು ಸಾಲಿದೆ: ‘ಇಷ್ಟೂ ದಿನಾಲೂ ಒರಸೋರು ಯಾರು, ಅದನ್ನೂ ಬರೀರಿ.’ ಅದು ಆ ಮನೆಯ ಗೃಹಿಣಿಯದೆಂದು ಊಹಿಸಲು ಪಾಂಡಿತ್ಯವೇನೂ ಬೇಕಿಲ್ಲ. ಯಾದಿಗಿಂತ ಈ ಒಂದು ಸಾಲೇ ನಮಗೆ ಹೆಚ್ಚು ತೂಕದ್ದಾಗಿ ಕಂಡಿತು.

ಮೊದಲು, ಬರುವವರು ಯಾರೆಂಬುದನ್ನು ನೋಡೋಣ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಗಾಣಗಾಪುರವು ಶ್ರೀ ನೃಸಿಂಹ ಸರಸ್ವತಿಗಳ ಪಾದುಕೆಗಳಿರುವ ದತ್ತಕ್ಷೇತ್ರ. ಮಾರ್ಗಶೀರ್ಷದ ಹುಣ್ಣಿಮೆಯ ದತ್ತಜಯಂತಿಗೆ ಮಹಾರಾಷ್ಟ್ರದಿಂದಲೂ ನಮ್ಮ ನಾಡಿನಿಂದಲೂ ಅಪಾರ ಜನ ಸೇರುತ್ತಾರೆ. ಅಫಜಲಪುರ ತಾಲೂಕಿನಲ್ಲಿಯೇ ಘತ್ತರಗಿಯ ಭಾಗ್ಯವಂತಿಯಿದ್ದಾಳೆ. ಕಲಬುರ್ಗಿಯಲ್ಲಿ ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಇವೆ. ಈ ಯಾತ್ರಿಕರು ರಾತ್ರಿಯೆಲ್ಲ ರೈಲಿನಲ್ಲಿಯೋ ಕಾರಿನಲ್ಲಿಯೋ ಪ್ರಯಾಣ ಮಾಡಿ ಬಂದವರು. ಜೊತೆಯಲ್ಲಿ ವೃದ್ಧರೂ ಮಕ್ಕಳೂ ಇರುವವರು. ಬೆಳಗಿನ ಜಾವಕ್ಕೆ ಮೀಯಬೇಕಾದವರು. ಸಂಗಮದಿಂದ ಒದ್ದೆ ಬಟ್ಟೆಯಲ್ಲಿ, ಕೆಸರುಗಾಲಿನಲ್ಲಿ ಹಿಂದಿರುಗುವವರು. ಇಂಥವರಿಗೆ ಸುಖವೆಂದರೆ ನೆರಳು, ನೀರು, ನಿದ್ರೆ ಎಂಬ ಈ ಮೂರೇ. ಎಷ್ಟೇ ಧನಿಕರಾದರೂ ಅವರ ಶರೀರವು ಕೇಳುವುದು ಇವನ್ನೇ. ಆದುದರಿಂದ ಸಾಮಾನನ್ನು ಆರಿಸುವಾಗ ಮನೆಯವರ ಹೆಮ್ಮೆಯನ್ನಲ್ಲ, ಬಂದವರ ಆಯಾಸವನ್ನು ಅಳತೆಗೋಲಾಗಿ ಹಿಡಿಯತಕ್ಕದ್ದು.

ನೆರಳಿನ ಮಾತು ಮೊದಲು. ನಮ್ಮ ಸೀಮೆಯಲ್ಲಿ ಚೈತ್ರ ವೈಶಾಖಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ವಾಡಿಕೆ. ಆ ದಿನಗಳಲ್ಲಿ ತೊಗಲಿನ ಸೋಫಾ ಬೆನ್ನಿಗೆ ಅಂಟುವುದಲ್ಲದೆ ಬೇರೆ ಸುಖವನ್ನು ಕೊಡದು. ಹಳೆಯ ವಾಡೆಯ ದಪ್ಪ ಗೋಡೆ, ಶಹಾಬಾದದ ಫರಸಿ ಕಲ್ಲಿನ ನೆಲ, ಎತ್ತರದ ಬೆಳಕಿಂಡಿ, ಇವು ತಾವೇ ತಂಪಿನ ಯಂತ್ರಗಳು. ಇವುಗಳನ್ನು ಕಿತ್ತು ಹೊಳೆಯುವ ಟೈಲು ಹಾಕಿಸಿದರೆ ಒದ್ದೆಗಾಲಿನ ಅಜ್ಜಿ ಜಾರಿ ಬಿದ್ದಾಳು. ಮಾಳಿಗೆಗೆ ಬಿಳಿಯ ಸುಣ್ಣ ಬಳಿದು, ಪಡುವಣ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಆಮೇಲೆ ಯಂತ್ರದ ಮಾತೆತ್ತಬೇಕು.

ನೀರಿನ ಕೂಲರು ನಮ್ಮ ಒಣ ಬೇಸಿಗೆಗೆ ಚೆನ್ನಾಗಿ ಒಪ್ಪುತ್ತದೆ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರಿಕೊಳ್ಳುವುದೇ ಅದರ ತತ್ತ್ವ; ಆದಕಾರಣ ಎದುರಿನ ಕಿಟಕಿ ತೆರೆದಿರಲೇಬೇಕು, ಮಳೆಗಾಲದ ತೇವದಲ್ಲಿ ಅದರಿಂದ ಪ್ರಯೋಜನವಿಲ್ಲ. ಏರ್ ಕಂಡೀಶನರ್ ಬೇಕೇ ಬೇಕೆಂದಾದರೆ ಕೋಣೆಯ ಅಳತೆಗೆ ತಕ್ಕುದನ್ನು ಕೊಳ್ಳಬೇಕು. ೧೨೦ ಚದರಡಿಯ ಕೋಣೆಗೆ ೧ ಟನ್ ಸಾಮಾನ್ಯವಾಗಿ ಸಾಕು. ಮಾಳಿಗೆಯು ನೇರ ಬಿಸಿಲಿಗೆ ಬಿದ್ದಿದ್ದರೆ ೧.೫ ಟನ್ ಬೇಕಾದೀತು. ಯಂತ್ರದ ಮೇಲೆ ನಕ್ಷತ್ರಗಳ ಚೀಟಿಯಿರುವುದನ್ನು ಓದುಗರು ಕಂಡಿರಬಹುದು. ೨೦೦೨ರಲ್ಲಿ ಸ್ಥಾಪಿತವಾದ, ವಿದ್ಯುತ್ತಿನ ಮಿತವ್ಯಯವನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆಯು ೨೦೦೬ರಿಂದ ಈ ಚೀಟಿಯ ಪದ್ಧತಿಯನ್ನು ಆರಂಭಿಸಿತು. ನಕ್ಷತ್ರಗಳನ್ನು ಎಣಿಸಿದರಷ್ಟೇ ಸಾಲದು, ಚೀಟಿಯ ವರ್ಷವನ್ನೂ ಓದಬೇಕು. ಪರೀಕ್ಷೆಯ ಕಟ್ಟಳೆಯು ಕಾಲಕಾಲಕ್ಕೆ ಬಿಗಿಯಾಗುತ್ತ ಬಂದಿರುವುದರಿಂದ ಹಳೆಯ ವರ್ಷದ ಐದು ನಕ್ಷತ್ರವು ಹೊಸ ವರ್ಷದ ಐದಕ್ಕೆ ಸಮನಲ್ಲ. ೨೦೨೦ರ ಜನವರಿಯಿಂದ ಇಂಥ ಯಂತ್ರಗಳು ಹಚ್ಚಿದೊಡನೆ ೨೪ ಡಿಗ್ರಿಯಲ್ಲಿ ನಿಲ್ಲುವಂತೆ ನಿಯಮವಾಯಿತು. ಶರೀರಕ್ಕೂ ಬಿಲ್ಲಿಗೂ ಅದೇ ಹಿತ.

ಬೀಸಣಿಗೆಯ ಲೆಕ್ಕವನ್ನು ನಮ್ಮ ಹಳೆಯ ಅಭ್ಯಾಸದಂತೆ ಮಾಡಿಯೇ ತೋರಿಸುವೆವು. ಸಾಧಾರಣ ಮಾಳಿಗೆಯ ಫ್ಯಾನು ಸುಮಾರು ೭೫ ವ್ಯಾಟ್ ತಿನ್ನುತ್ತದೆ, ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯದು ಸುಮಾರು ೩೦. ದಿನಕ್ಕೆ ೧೨ ತಾಸು ತಿರುಗಿದರೆ ಮೊದಲನೆಯದಕ್ಕೆ ೦.೯ ಯೂನಿಟ್, ಎರಡನೆಯದಕ್ಕೆ ೦.೩೬. ಹತ್ತು ಫ್ಯಾನುಗಳ ಮನೆಯಲ್ಲಿ ದಿನಕ್ಕೆ ೫.೪ ಯೂನಿಟ್ ಉಳಿಯಿತು. ಅಷ್ಟೇ ಅಲ್ಲ; ಕರೆಂಟು ಹೋದಾಗ ಇನ್ವರ್ಟರಿನ ಅದೇ ಬ್ಯಾಟರಿಯು ಇಂಥ ಫ್ಯಾನನ್ನು ಹೆಚ್ಚು ಹೊತ್ತು ತಿರುಗಿಸುವುದು. ನಡುರಾತ್ರಿ ಕರೆಂಟು ಹೋಗಿ ಮಗುವೆದ್ದು ಅಳುವಾಗ, ಗೊಂಚಲುದೀಪದ ಬೆಲೆಯೆಷ್ಟೆಂದು ಯಾವ ಅತಿಥಿಯೂ ಕೇಳುವುದಿಲ್ಲ.

ಇನ್ನು ನೀರು. ಮಲಗಿ ಮೀಯುವ ತೊಟ್ಟಿಗೆ ಒಂದು ಸಲಕ್ಕೆ ೧೫೦ ಲೀಟರಿಗೆ ಕಡಿಮೆಯಿಲ್ಲದೆ ನೀರು ಬೇಕು. ಒಂದು ಬಕೆಟ್ಟು, ಒಂದು ತಂಬಿಗೆಯಿಂದ ೨೦ ಲೀಟರಿನಲ್ಲಿ ಚೊಕ್ಕಟವಾದ ಸ್ನಾನವಾಗುತ್ತದೆ. ಬೇಸಿಗೆಯಲ್ಲಿ ಕೊಡ ನೀರಿಗಾಗಿ ಹೆಣ್ಣುಮಕ್ಕಳು ಕಾಯುವ ಸೀಮೆಯಲ್ಲಿ ಆ ತೊಟ್ಟಿಯನ್ನು ಕಟ್ಟಿಸುವುದು ನೆರೆಹೊರೆಯವರ ಮನಸ್ಸನ್ನು ನೋಯಿಸುವ ಕೆಲಸವಾದೀತು. ಆ ಹಣದಿಂದ ಬಚ್ಚಲಿನಲ್ಲಿ ವೃದ್ಧರು ಹಿಡಿದುಕೊಳ್ಳಲು ಉಕ್ಕಿನ ಹಿಡಿ, ಕುಳಿತು ಮೀಯಲು ಮಣೆ, ಒರಟು ಮೈಯ ಕಲ್ಲು, ಅಂಗಳದಲ್ಲಿ ಕಾಲು ತೊಳೆಯಲು ನಲ್ಲಿ, ಒದ್ದೆ ಬಟ್ಟೆ ಹರವಲು ನಾಲ್ಕು ಉದ್ದನೆಯ ತಂತಿ, ಇಷ್ಟನ್ನೂ ಮಾಡಿಸಬಹುದು.

ಕೊಳವೆಬಾವಿಯ ನೀರು ಗಡುಸಾಗಿದ್ದರೆ ಗೀಸರಿನ ಒಳಗಿನ ಕಡ್ಡಿಯ ಮೇಲೆ ಸುಣ್ಣ ಕಟ್ಟಿ, ಕರೆಂಟು ಹೆಚ್ಚು ತಿಂದು, ಕಡ್ಡಿ ಬೇಗ ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಿಸತಕ್ಕದ್ದು. ಸೂರ್ಯನ ಕಾವಿನ ಹೀಟರನ್ನು ಕೊಳ್ಳುವವರು ಗಡುಸು ನೀರಿಗೆಂದೇ ಮಾಡಿದ ಹೀಟ್ ಎಕ್ಸ್‌ಚೇಂಜರ್ ಬಗೆಯದನ್ನು ಕೇಳಿ ಪಡೆಯಬೇಕು. ೧೫ ಲೀಟರಿನ, ೨ ಕಿಲೊವ್ಯಾಟಿನ ಗೀಸರು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ನೀರನ್ನು ಕಾಯಿಸುತ್ತದೆ. ಅದರ ಮೇಲೆ ಐ.ಎಸ್.ಐ. ಮುದ್ರೆಯಿರಲೇಬೇಕು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರನ್ನು ಯಾವ ಕಾರಣಕ್ಕೂ ಕೂಡಿಸಕೂಡದು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಹಿಡಿದು, ಮೀಯುವವನಿಗೆ ತಿಳಿಯುವ ಮೊದಲೇ ಅವನನ್ನು ಕೆಡಹುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡ ಕೋಣೆಯಲ್ಲಿ ಹೀಗೆ ಸತ್ತವರ ವಾರ್ತೆಗಳನ್ನು ನಮ್ಮ ನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿರುವೆವು. ಕಡಿಮೆ ಬೆಲೆಯೆಂದು ಅದನ್ನು ತಂದವರು ಬೆಲೆಯನ್ನು ಬೇರೆ ರೀತಿಯಲ್ಲಿ ತೆರಬೇಕಾದೀತು. ಹಾಗೆಯೇ ಹಳೆಯ ವಾಡೆಯ ತಂತಿಗಳನ್ನು ಬಲ್ಲವರಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಸರಿಯಾದ ಅರ್ಥಿಂಗ್ ಕೊಡಿಸಿ, ೩೦ ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಬೇಕು. ಇದು ಚಿತ್ರದಲ್ಲಿ ಕಾಣುವ ಸಾಮಾನಲ್ಲ. ಆದರೆ ಒದ್ದೆ ಕೈಯಿಂದ ಗೀಸರು ಹಚ್ಚುವ ಪರರ ಮಕ್ಕಳ ಪ್ರಾಣವು ಇದರ ಮೇಲೆಯೇ ನಿಂತಿದೆ.

ಮೂರನೆಯದು ನಿದ್ರೆ. ಮಂಚದ ಎತ್ತರವು ಗಾದಿ ಸಹಿತವಾಗಿ ಮೊಣಕಾಲಿನ ಮಟ್ಟಕ್ಕಿರಲಿ. ವೃದ್ಧರಿಗೆ ಏಳಲು ಕೂಡಲು ಅದೇ ಅನುಕೂಲ. ಕಿಟಕಿಗೆ ಸೊಳ್ಳೆಯ ಜಾಲರಿ ಬೇಕು. ಹಾಸಿಗೆಯೊಂದಕ್ಕೆ ಬಿಳಿಯ ಹತ್ತಿಯ ಚಾದರಗಳು ಮೂರು ಜೊತೆ: ಒಂದು ಮಂಚದ ಮೇಲೆ, ಒಂದು ಅಗಸಗಲ್ಲಿನ ಬಳಿ, ಒಂದು ಕಪಾಟಿನಲ್ಲಿ. ಹೊದೆಯಲು ದೂರ ಹೋಗಬೇಕಾಗಿಲ್ಲ. ನೆರೆಯ ಸೊಲ್ಲಾಪುರದ ಚಾದರವೂ ಟವೆಲ್ಲೂ ಭೌಗೋಳಿಕ ಹೆಸರಿನ ಮನ್ನಣೆ ಪಡೆದವು. ನಮ್ಮ ಹೆಣ್ಣುಮಕ್ಕಳು ಹೊಲಿಯುವ ಕೌದಿಯಂತೂ ಮಾಗಿಯ ಚಳಿಗೆ ಪರಮ ಸುಖ.

ಈಗ ಆ ಗೃಹಿಣಿಯ ಪ್ರಶ್ನೆಗೆ ಬರೋಣ. ಸಾಮಾನು ಮನೆಗೆ ಬಂದ ದಿನ ಅದರ ಬೆಲೆ ತೀರಿತೆಂದು ಗಂಡಸರು ತಿಳಿಯುತ್ತಾರೆ. ಅದರ ಎರಡನೆಯ ಬೆಲೆಯು ಅಂದಿನಿಂದ ಆರಂಭವಾಗುತ್ತದೆ. ಅದನ್ನು ತೆರುವವಳು ಹೆಂಗಸು. ಗಾಜಿನ ಮೇಜಿನ ಮೇಲೆ ಬೆರಳಚ್ಚು, ಗೊಂಚಲುದೀಪದ ಮೇಲೆ ಎರೆಮಣ್ಣಿನ ಧೂಳು, ಹೊಳೆಯುವ ನಲ್ಲಿಯ ಮೇಲೆ ಗಡುಸು ನೀರಿನ ಬಿಳಿ ಕಲೆ. ಇವನ್ನು ಒರೆಸುವ ಕೈಗಳಿಗೆ ಸಂಬಳದ ಲೆಕ್ಕವಿಲ್ಲ. ಎರಡು ಕೋಣೆ, ನಾಲ್ಕು ಜನರೆಂದರೂ, ಹಾಸಿಗೆಗಳು ಬೇರೆಬೇರೆಯಾಗಿದ್ದಲ್ಲಿ ಪ್ರತಿ ಬದಲಾವಣೆಗೆ ನಾಲ್ಕು ಚಾದರ, ನಾಲ್ಕು ದಿಂಬಿನ ಚೀಲ, ನಾಲ್ಕು ಟವೆಲ್ಲು. ಆದುದರಿಂದ ಟೀವಿಗಿಂತ ಮೊದಲು ಬಟ್ಟೆ ತೊಳೆಯುವ ಯಂತ್ರವು ಬರತಕ್ಕದ್ದು. ೭ ಅಥವಾ ೮ ಕಿಲೋದ್ದು ಇಷ್ಟಕ್ಕೆ ಸಾಕು. ಒಣಗಿಸುವ ಯಂತ್ರ ಬೇಡ, ನಮ್ಮ ಬಿಸಿಲಿದೆ. ಒಂದು ಮಧ್ಯಮ ಗಾತ್ರದ ಫ್ರಿಜ್ಜು ಅವಶ್ಯ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ನನ್ನು ೨ ರಿಂದ ೮ ಡಿಗ್ರಿಯ ತಂಪಿನಲ್ಲಿಡಬೇಕು. ಇದಕ್ಕಾಗಿ ಅದರಲ್ಲಿ ಒಂದು ಮೂಲೆಯನ್ನು ಖಾಲಿ ಬಿಟ್ಟಿದ್ದರೆ ಅತಿಥಿಯು ಆ ಮನೆಯನ್ನು ಮರೆಯಲಾರ.

ಹಾಗಾದರೆ ಅಂದಚಂದವು ಬೇಡವೇ ಎಂದು ಕೇಳಬಹುದು. ಬೇಕು. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು ಎಂದರ್ಥ. ಸಾಕೆನಿಸುವಂತೆ ಮಾಡುವುದೇ ಅಲಂಕಾರ. ಪಡಸಾಲೆಯಲ್ಲಿ ನವಲಗುಂದದ ಒಂದು ಜಮಖಾನೆ, ಗೂಡಿನಲ್ಲಿ ಬೀದರಿನ ಬಿದರಿ ಕೆಲಸದ ಒಂದು ಹೂದಾನಿ, ಗೋಡೆಯ ಮೇಲೆ ಒಂದು ಕೌದಿ, ಮೂಲೆಯಲ್ಲಿ ತಣ್ಣೀರಿನ ಹರವಿ ಇದ್ದರೆ ಮುಂಬಯಿಯಿಂದ ಬಂದವನ ಕಣ್ಣಿಗೆ ಅದೇ ಹೊಸದು. ಹಂಪೆಯ ಎದುರು ದಂಡೆಯ ಆನೆಗುಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟಿನವರು ಊರ ಹೆಂಗಸರಿಗೆ ಬಾಳೆಯ ನಾರಿನ ಕಸಬನ್ನು ಕಲಿಸಿದ್ದಾರೆ. ಹಳೆಯ ಊರಿನ ಅಂದವನ್ನು ಕೆಡಿಸದೆಯೇ ಅಲ್ಲಿ ಪ್ರವಾಸಿಗಳಿಗೆ ವಸತಿಯನ್ನು ಕಲ್ಪಿಸಿದ್ದಾರೆ. ದೂರದ ಪೇಟೆಯನ್ನು ಅನುಕರಿಸಿದ ಕೋಣೆಯನ್ನು ನೋಡಲು ಪೇಟೆಯವನು ಇಷ್ಟು ದೂರ ಬರಲಾರ.

ಕೊನೆಗೆ ಕೆಲವು ವ್ಯವಹಾರದ ಮಾತುಗಳು. ಯಾವ ಯಂತ್ರವನ್ನು ರಿಪೇರಿ ಮಾಡುವವನು ಆಳಂದದಲ್ಲಾಗಲಿ ಕಲಬುರ್ಗಿಯಲ್ಲಾಗಲಿ ಇಲ್ಲವೋ ಅದು ಎಷ್ಟೇ ಸೊಗಸಾಗಿದ್ದರೂ ಮನೆಯೊಳಗೆ ಬರಕೂಡದು. ಎಲ್ಲ ಕೋಣೆಗೂ ಒಂದೇ ಮಾದರಿಯ ಫ್ಯಾನು, ನಲ್ಲಿ, ಗೀಸರುಗಳಿದ್ದರೆ ಒಂದರ ಬಿಡಿಭಾಗವು ಇನ್ನೊಂದಕ್ಕಾದೀತು. ಬಿಲ್ಲು, ಗ್ಯಾರಂಟಿ ಕಾಗದಗಳನ್ನು ಒಂದೇ ಚೀಲದಲ್ಲಿಡಬೇಕು. ಮೊಬೈಲಿನಲ್ಲಿ ಇದ್ದುದರ ಚಿತ್ರವನ್ನೇ ಹಾಕಬೇಕು; ಬಿಸಿನೀರು ಬೆಳಗಿನ ಎರಡು ತಾಸು ಮಾತ್ರವೆಂದಿದ್ದರೆ ಹಾಗೆಯೇ ಬರೆಯಬೇಕು. ಮೊದಲ ಅತಿಥಿಯು ಬರುವ ಮುನ್ನ ಮನೆಯ ಯಜಮಾನ ದಂಪತಿಗಳು ವೈಶಾಖದ ಒಂದು ರಾತ್ರಿ ಆ ಕೋಣೆಯಲ್ಲಿಯೇ ಮಲಗಿ, ಬೆಳಗಿನ ಜಾವ ಅಲ್ಲಿಯೇ ಮಿಂದು ನೋಡತಕ್ಕದ್ದು. ಅಂಗಡಿಯವನು ಹೇಳದ ಎಷ್ಟೋ ವಿಷಯಗಳನ್ನು ಆ ಒಂದು ರಾತ್ರಿಯು ಹೇಳುವುದು.

ಹೊಲವನ್ನು ಒತ್ತೆಯಿಡುವ ಮಾತಂತೂ ಬೇಡ. ಮನೆಯಲ್ಲಿಯೇ ಅತಿಥಿಗಳನ್ನಿಟ್ಟುಕೊಳ್ಳುವವರಿಗಾಗಿ ಕೇಂದ್ರ ಸರಕಾರದ ಪ್ರವಾಸೋದ್ಯಮ ಇಲಾಖೆಯು ರೂಪಿಸಿದ ಯೋಜನೆಯಲ್ಲಿಯೂ ಒಂದೇ ಕೋಣೆಯಿಂದ ಆರಂಭಿಸಲು ಆಸ್ಪದವುಂಟು. ಮೇರೆಯು ಆರು ಕೋಣೆ. ಒಂದು ಕೋಣೆಯನ್ನು ಚೆನ್ನಾಗಿ ಮಾಡಿರಿ. ಅದು ದುಡಿದ ಹಣದಿಂದ ಎರಡನೆಯದು ಏಳಲಿ. ಸಾಮಾನು ಹಳೆಯದಾಗುತ್ತದೆ, ಕೆಡುತ್ತದೆ, ಬೇರೆ ಕೊಳ್ಳಬಹುದು. ಹೊಲ ಹೋದರೆ ಮತ್ತೆ ಬಾರದು. ತೊಗರಿಯ ಹೊಲವು ತಮ್ಮದಾಗಿಯೇ ಇದ್ದರೆ, ಬೆಳಗಿನಲ್ಲಿ ಅತಿಥಿಯ ಎಲೆಗೆ ಬಡಿಸುವ ಬೇಳೆಯೂ ತಮ್ಮದೇ ಆಗಿರುವುದು. ಇತ್ಯಲಮ್.