ಸಫಾರಿ ಸುಳ್ಳುಗಳು – 3: 'ಯಾರೂ ಇಲ್ಲದ ಮರುಭೂಮಿ'

ಬೋಟ್ಸ್ವಾನಾ ಸಫಾರಿ ಪ್ಯಾಕೇಜ್‌ಗಳಲ್ಲಿ ಕಲಹರಿನ 'ಮನುಷ್ಯರೇ ಮುಟ್ಟದ ನೆಲ' ಅಂತ ಮಾರ್ತಾರೆ. ಶುದ್ಧ ಸುಳ್ಳು. ಅದು ಸಾನ್ ಜನ ಸಾವಿರಾರು ವರ್ಷಗಳಿಂದ ಬದುಕಿರೋ ಜಾಗ. 1961ರಲ್ಲಿ ಸೆಂಟ್ರಲ್ ಕಲಹರಿ ಗೇಮ್ ರಿಸರ್ವ್ ಮಾಡಿದ್ದೇ ಪ್ರಾಣಿಗಳ ಜೊತೆ ಅವರ ಬದುಕೂ ಉಳೀಲಿ ಅಂತ.

1997ರಲ್ಲಿ, ಮತ್ತೆ 2002ರಲ್ಲಿ ಸರ್ಕಾರವೇ ಅವರನ್ನ ಹೊರಗೆ ಸಾಗಿಸ್ತು. ಮೊಥೊಮೆಲೊ ಅನ್ನೋ ಊರಿನ ಬೋರ್‌ವೆಲ್ಲನ್ನೂ ಮುಚ್ಚಿಸ್ತು. ಕೇಸ್ ಹಾಕಿದವರು ವಾಪಸ್ ಹೋಗಬಹುದು ಅಂತ 2006ರಲ್ಲಿ ಹೈಕೋರ್ಟ್ ಹೇಳ್ತು. ಹೋದ್ರು, ಆದ್ರೆ ಬೋರ್‌ವೆಲ್ ಬಂದ್! ಅದು ಬಂದ್ ಇದ್ದಾಗಲೇ ಅದೇ ರಿಸರ್ವ್ ಒಳಗೆ ಟೂರಿಸ್ಟ್ ಲಾಡ್ಜ್ ಬಂತು, ಈಜುಕೊಳ ಸಮೇತ. ಕುಡಿಯೋ ನೀರಿಗೋಸ್ಕರ ಆ ಜನ ಇನ್ನೊಂದ್ಸಲ ಕೋರ್ಟ್ ಮೆಟ್ಟಿಲು ಹತ್ತಿ, 2011ರಲ್ಲಿ ಗೆದ್ದರು.

(ಬಿಕಾಂ ದೋಸ್ತುಗಳೇ, ಕಾಸ್ಟ್ ಶೀಟಲ್ಲಿ ಈ ನೀರನ್ನ ಎಲ್ಲಿ ತೋರಿಸ್ತೀರಿ?)

ಬೇಟೆ ನಿಷೇಧದ ಕತೆ ನಾಲ್ಕನೇ ಪೋಸ್ಟಲ್ಲಿ.