ಅಭಿಪ್ರಾಯ ಕೇಳಿದರೆ ಸಾಲದು, ಒಪ್ಪಿಗೆ ಕೇಳಬೇಕು



ನೀರಿನ ಯೋಜನೆ ಬಂತು ಅಂದ್ರೆ ಸರ್ಕಾರ ಒಂದು ಸಭೆ ಕರೆಯುತ್ತೆ. ಶಾಮಿಯಾನ ಹಾಕ್ತಾರೆ, ಮೈಕು ಇಡ್ತಾರೆ. ಹೊಳೆದಂಡೆಯ ಜನ ಒಬ್ಬೊಬ್ಬರಾಗಿ ಎದ್ದು ಕಷ್ಟ ಹೇಳ್ತಾರೆ, ಗುಮಾಸ್ತ ಬರೆದುಕೊಳ್ತಾನೆ. ಆಮೇಲೆ ಆ ಕಾಗದ ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಇದಕ್ಕೆ ಸಹಭಾಗಿತ್ವ ಅಂತ ಚೆಂದದ ಹೆಸರಿಟ್ಟಿದ್ದಾರೆ. ಆ ಹೆಸರಿಗೆ ಸ್ವಲ್ಪವಾದರೂ ಅರ್ಥ ಬರಬೇಕಾದರೆ ಏನಾಗಬೇಕು ಅನ್ನೋದಕ್ಕೆ ಅಮೆರಿಕದ ಒಂದು ನದಿಯ ಕತೆ ಹೇಳ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್ ಬಗ್ಗೆ ನಮ್ಮ ಹಾಸ್ಟೆಲ್ಲುಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಅದೇ ರಾಜ್ಯದ ಉತ್ತರದ ಮೂಲೆಯಲ್ಲಿರೋ ಹೂಪ, ಯುರೋಕ್ ಜನರ ಹೆಸರು ನಮ್ಮಲ್ಲಿ ಅನೇಕರು ಕೇಳಿಲ್ಲ. ಪಠ್ಯಪುಸ್ತಕ ಇವರನ್ನು 'ಕೆಂಪು ಇಂಡಿಯನ್ನರು' ಅಂತ ಒಂದು ಸಾಲಿನಲ್ಲಿ ಮುಗಿಸಿತ್ತು. ಅವರು ಆ ನೆಲದ ಮೂಲನಿವಾಸಿಗಳು.

ನದಿಯ ಹೆಸರು ಟ್ರಿನಿಟಿ. ಕ್ಲಾಮತ್ ನದಿಗೆ ಸೇರೋ ಅತಿ ದೊಡ್ಡ ಉಪನದಿ. ಸಮುದ್ರದ ಸಾಲ್ಮನ್ ಮೀನು ಮೊಟ್ಟೆ ಇಡೋದಕ್ಕೆ ಈ ಹೊಳೆ ಹತ್ತಿ ಬರುತ್ತೆ. ಆ ಜನರ ಊಟ, ದುಡಿಮೆ, ಹಬ್ಬ ಎಲ್ಲ ಆ ಮೀನೇ. 1955ರಲ್ಲಿ ಅಮೆರಿಕದ ಸಂಸತ್ತು ಈ ನದಿಗೆ ಕಟ್ಟೆ ಕಟ್ಟೋ ಕಾನೂನು ಮಾಡಿತು. ಮೀನಿಗೆ ಕೇಡಾಗದಂತೆ ನೋಡಿಕೊಳ್ಳಬೇಕು ಅಂತ ಅದೇ ಕಾನೂನಿನಲ್ಲಿ ಬರೆದಿತ್ತು. ಬರೆದದ್ದು ಪುಸ್ತಕದಲ್ಲೇ ಉಳಿಯಿತು. 1960ರ ದಶಕದ ಮೊದಲಲ್ಲಿ ಟ್ರಿನಿಟಿ, ಲೂಯಿಸ್ಟನ್ ಎರಡೂ ಕಟ್ಟೆ ಎದ್ದವು. ಬೆಟ್ಟ ಕೊರೆದು ಸುರಂಗ ಮಾಡಿ, ಕಟ್ಟೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 90 ಪಾಲನ್ನು ಆಚೆ ಕಣಿವೆಗೆ ತಿರುಗಿಸಿದರು. ಅಲ್ಲಿ ವೆಸ್ಟ್‌ಲ್ಯಾಂಡ್ಸ್ ಅನ್ನೋ ನೀರಾವರಿ ಜಿಲ್ಲೆಯ ದೊಡ್ಡ ದೊಡ್ಡ ಜಮೀನುಗಳಿವೆ. ಹೂಪ ಜನರ ಹೊಳೆಗೆ ಉಳಿದದ್ದು ನಮ್ಮ ಲೆಕ್ಕದಲ್ಲಿ ಹೇಳೋದಾದರೆ ವರ್ಷಕ್ಕೆ ಸುಮಾರು 5 ಟಿ.ಎಂ.ಸಿ. ಕಟ್ಟೆಯ ಮೇಲಿದ್ದ 109 ಮೈಲಿ ಹೊಳೆಗೆ ಮೀನು ಹೋಗೋ ದಾರಿಯೇ ಮುಚ್ಚಿತು. ಕೆಳಗಡೆ ಪ್ರವಾಹ ನಿಂತದ್ದರಿಂದ ದಂಡೆಯಲ್ಲಿ ಪೊದೆ ಬೆಳೆದು ಮರಳು ಗಟ್ಟಿಯಾಯ್ತು. ಹೊಳೆ ಹೋಗಿ ಕಾಲುವೆ ಆಯ್ತು. ಮೊಟ್ಟೆ ಇಡೋ ಜಲ್ಲಿಕಲ್ಲಿನ ಜಾಗವೆಲ್ಲ ಹೂಳು.

ಅಣೆಕಟ್ಟು ಅಂದ ತಕ್ಷಣ ಬೇಡ ಅನ್ನೋರು ನಾವಲ್ಲ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ ಕಣಿವೆ ಯೋಜನೆಗೆ ಅಡಿಪಾಯ ಹಾಕಿದವರು. ಅದಕ್ಕೆ ಮಾದರಿಯಾಗಿದ್ದದ್ದು ಅಮೆರಿಕದ ಟೆನೆಸ್ಸಿ ಕಣಿವೆ. ಬಡವರಿಗೆ ನೀರು, ವಿದ್ಯುತ್ತು ಬೇಕು ಅನ್ನೋದರಲ್ಲಿ ತಕರಾರಿಲ್ಲ. ಯಾರ ನೀರು ಯಾರ ಹೊಲಕ್ಕೆ, ಯಾರನ್ನು ಕೇಳಿ, ಅನ್ನೋದು ಪ್ರಶ್ನೆ.

ಹೂಪ, ಯುರೋಕ್ ಜನ ಇದೇ ಪ್ರಶ್ನೆ ಹಿಡಿದು ನಿಂತರು. 1978ರಲ್ಲಿ ಕ್ಲಾಮತ್ ಮೇಲೆ ಬಲೆ ಹಾಕಿದವರ ಮೇಲೆ ಸರ್ಕಾರ ಶಸ್ತ್ರಧಾರಿಗಳನ್ನು ಬಿಟ್ಟಿತು. ಮೀನು ಕಡಿಮೆಯಾದದ್ದಕ್ಕೆ ಮೀನು ಹಿಡಿಯೋರೇ ಕಾರಣವಂತೆ! ನೀರು ಕದ್ದವರ ಮನೆಗೆ ಯಾರೂ ಹೋಗಲಿಲ್ಲ. ಆದರೆ ಈ ಜನ ಬೀದಿಯಲ್ಲಿ ಮಾತ್ರ ಹೋರಾಡಲಿಲ್ಲ. ನಮ್ಮ ಹುಡುಗರು ಗಮನಿಸಬೇಕಾದದ್ದು ಇಲ್ಲಿದೆ. ತಮ್ಮದೇ ಮೀನುಗಾರಿಕೆ ಇಲಾಖೆ ಕಟ್ಟಿದರು, ಹೊಳೆಗಿಳಿದು ಮೀನು ಎಣಿಸಿದರು, ನೀರಿನ ತಂಪು, ವೇಗ, ಜಲ್ಲಿ ಎಲ್ಲ ಅಳೆಸಿದರು. ಹೊಳೆಗೆ ಎಷ್ಟು ನೀರು ಬೇಕು ಅನ್ನೋ 1999ರ ವರದಿಯಲ್ಲಿ ಎರಡು ಹೆಸರಿದೆ: ಒಂದು ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆ, ಇನ್ನೊಂದು ಹೂಪ ಕಣಿವೆಯ ಬುಡಕಟ್ಟು. ಅರ್ಜಿ ಕೊಡೋರಾಗಿ ಹೋದವರಲ್ಲ, ವರದಿ ಬರೆಯೋರಾಗಿ ಹೋದವರು. ನಮ್ಮಲ್ಲಿ ಬಿ.ಎಸ್ಸಿ. ಓದೋರು, ಇಂಜಿನಿಯರಿಂಗ್ ಓದೋರು ಇದ್ದೀರಿ. ನಿಮ್ಮೂರ ಕೆರೆಗೆ, ಹಳ್ಳಕ್ಕೆ ಎಷ್ಟು ನೀರು ಬರುತ್ತೆ, ಎಲ್ಲಿ ಹೋಗುತ್ತೆ ಅಂತ ಅಳೆದವರು ಎಷ್ಟು ಜನ?

ಎರಡನೆಯದು ಕಾನೂನು. 1992ರ ಕಾಯಿದೆ ಒಂದು ದೊಡ್ಡ ಮಾತು ಹೇಳಿತು. ನೀರಿನ ಶಿಫಾರಸಿಗೆ ಸಚಿವರೂ ಹೂಪ ಬುಡಕಟ್ಟೂ ಇಬ್ಬರೂ ಒಪ್ಪಿದರೆ ಅದನ್ನು ಜಾರಿ ಮಾಡಲೇಬೇಕು. ಅಭಿಪ್ರಾಯ ಕೇಳಿ ಕಡತದಲ್ಲಿ ಇಡೋ ಮಾತಲ್ಲ ಇದು. 2000ದ ಡಿಸೆಂಬರ್ 19ರಂದು ಆಂತರಿಕ ಖಾತೆಯ ಸಚಿವ ಬ್ರೂಸ್ ಬ್ಯಾಬಿಟ್ ಸಹಿ ಹಾಕಿದರು, ಹೂಪ ಜನ ಒಪ್ಪಿಗೆ ಕೊಟ್ಟರು. ಬರಗಾಲದಲ್ಲಿ ಸುಮಾರು 16 ಟಿ.ಎಂ.ಸಿ., ಭಾರಿ ಮಳೆಯ ವರ್ಷ 35 ಟಿ.ಎಂ.ಸಿ. ದಾಟಿ ಹೊಳೆಗೇ ಬಿಡಬೇಕು ಅಂತ ತೀರ್ಮಾನ. ಕಟ್ಟೆಯ ಕೆಳಗಿನ 40 ಮೈಲಿಯಲ್ಲಿ 47 ಕಡೆ ದಂಡೆ ಸರಿಪಡಿಸಬೇಕು, ಜಲ್ಲಿ ಹಾಕಬೇಕು. ಇದನ್ನೆಲ್ಲ ನೋಡಿಕೊಳ್ಳೋ ಮಂಡಲಿಯಲ್ಲಿ ಎಂಟು ಸ್ಥಾನ: ಕೇಂದ್ರದ ನಾಲ್ಕು ಇಲಾಖೆ, ರಾಜ್ಯ, ಟ್ರಿನಿಟಿ ಕೌಂಟಿ, ಹೂಪ, ಯುರೋಕ್. ಎಂಟರಲ್ಲಿ ಎರಡು. ಲೆಕ್ಕ ಹಾಕಿ ನೋಡಿ, ಎರಡೇ ಮತದಿಂದ ಮೂಲನಿವಾಸಿಗಳು ತಾವಾಗಿಯೇ ಏನನ್ನೂ ಗೆಲ್ಲಿಸಿಕೊಳ್ಳೋಕಾಗಲ್ಲ. ಅದಕ್ಕೇ ಕುರ್ಚಿಗಿಂತ ಆ ಒಪ್ಪಿಗೆಯ ಕಲಮು ದೊಡ್ಡದು ಅಂತ ನಾವು ಹೇಳೋದು.

ಜಮೀನ್ದಾರರು ಸುಮ್ಮನಿರ್ತಾರಾ? ವೆಸ್ಟ್‌ಲ್ಯಾಂಡ್ಸ್ ಕೋರ್ಟಿಗೆ ಹೋಯ್ತು, ವಿದ್ಯುತ್ತು ಮಾರೋರೂ ಜೊತೆ ಸೇರಿದರು. ಹೆಚ್ಚಿನ ನೀರಿಗೆ ತಡೆ ಬಿತ್ತು. ಆ ಮೊಕದ್ದಮೆ ನಡೀತಿದ್ದಾಗಲೇ, 2002ರ ಸೆಪ್ಟೆಂಬರಿನಲ್ಲಿ, ಕ್ಲಾಮತ್‌ನ ಕೆಳಗಿನ ಹರಿವಿನಲ್ಲಿ ನೀರು ಇಳಿದು, ಬಿಸಿಯಾಗಿ, ರೋಗ ಹರಡಿ ಕಡಿಮೆ ಅಂದ್ರೂ 34,000 ಮೀನು ಸತ್ತು ತೇಲಿದವು. ತೀರ್ಮಾನವನ್ನು ಮೇಲಿನ ಕೋರ್ಟು ಎತ್ತಿಹಿಡಿದದ್ದು 2004ರಲ್ಲಿ.

ಈಗ ಎಲ್ಲ ಸರಿಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಳೆ ಸ್ವಲ್ಪ ಉಸಿರಾಡ್ತಿದೆ, ದಂಡೆಗಳು ಬದಲಾಗಿವೆ. ಆದರೂ 2023ರಲ್ಲಿ, 2024ರಲ್ಲಿ ಮೀನು ತೀರಾ ಕಡಿಮೆಯಾಗಿ ಕ್ಯಾಲಿಫೋರ್ನಿಯಾ ಕಡಲಿನಲ್ಲಿ ಸಾಲ್ಮನ್ ಹಿಡಿಯೋದನ್ನೇ ನಿಲ್ಲಿಸಿದರು. ನೀರು ಒಯ್ಯೋರೇ ಹೊಳೆ ರಿಪೇರಿಯ ಖರ್ಚು ಕೊಡಬೇಕು ಅಂತ 1992ರ ಕಾಯಿದೆಯಲ್ಲೇ ಇದೆ. ಆ ಬಾಕಿ ತೀರೋ ಮೊದಲೇ ಸರ್ಕಾರ ಅವರಿಗೆ ಕಾಯಂ ಕರಾರು ಬರೆದುಕೊಡೋಕೆ ಹೊರಟಿತು. 2020ರಲ್ಲಿ ಹೂಪ ಜನ ಅದೇ ಕಾಯಿದೆ ಹಿಡಿದು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು.