ಚಿಕ್ಕಲ್ಲೂರಲ್ಲಿ ಬಸವಣ್ಣ ಯಾರ ಕಡೆ?

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಅದೇ ಹಳೇ ವಾದ ಶುರು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಗೆ ಮರಿ ಕೊಯ್ಯಬಹುದೋ, ಬಾರದೋ? ಐದು ದಿನದ ಜಾತ್ರೆಯಲ್ಲಿ ನಾಲ್ಕನೇ ದಿನ ಸಿದ್ದಪ್ಪಾಜಿಯ ಒಕ್ಕಲಿನವರು ಬಿಡಾರಗಳಲ್ಲಿ ಬಾಡೂಟ ಮಾಡಿ, ಸಾಲಾಗಿ ಕೂತು ಉಣ್ಣುವುದೇ ಪಂಕ್ತಿಸೇವೆ.

ಬೇಡ ಎನ್ನುವವರು ಬಸವಣ್ಣನವರ ವಚನ ಹೇಳುತ್ತಾರೆ. ದಯೆಯ ವಚನ, ಹರಕೆಯ ಕುರಿಯ ವಚನ ಎಲ್ಲರಿಗೂ ಬಾಯಿಪಾಠ. ಬೇಕು ಎನ್ನುವವರು ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಹೇಳುತ್ತಾರೆ. ಅದರಲ್ಲಿ ಮಂಟೇಸ್ವಾಮಿ ಕಲ್ಯಾಣದ ಶರಣರನ್ನು ಪರೀಕ್ಷಿಸಲು ಅವರು ಹೇಸುವ ರೂಪದಲ್ಲೇ ಬರುತ್ತಾರೆ. ಉಳಿದವರು ಬಾಗಿಲಲ್ಲೇ ತಡೆಯುತ್ತಾರೆ, ಬಸವಣ್ಣ ಗುರುತು ಹಿಡಿಯುತ್ತಾರೆ. ಹೀಗೆ ಒಬ್ಬರೇ ಬಸವಣ್ಣ ಎರಡೂ ಕಡೆಗೆ ಸಾಕ್ಷಿ!

ಇದು ಹೊಸತೇನಲ್ಲ. ವೇದದ ಕಾಲದ ಯಜ್ಞಗಳಲ್ಲಿ ಪಶುಬಲಿ ಇತ್ತು. ಅದೇ ವೇದವನ್ನು ಒಪ್ಪುವ ಮಧ್ವಾಚಾರ್ಯರ ಪರಂಪರೆಯವರು ಹಿಟ್ಟಿನ ಪಶು ಸಾಕು ಎಂದರು. ಎಷ್ಟೋ ಸಲ ನಾವು ಮೊದಲು ತೀರ್ಮಾನ ಮಾಡಿಕೊಂಡು, ಆಮೇಲೆ ಅದಕ್ಕೆ ಒಪ್ಪುವ ಸಾಲು ಹುಡುಕುತ್ತೇವೆ.

ಕಾನೂನಿನ ಮಾತು ಬೇರೆ. 1959ರ ಪ್ರಾಣಿಬಲಿ ತಡೆ ಕಾಯ್ದೆ ದೇವರನ್ನು ಒಲಿಸಲೆಂದು ಗುಡಿ ಆವರಣದಲ್ಲಿ ಪ್ರಾಣಿ ಕೊಲ್ಲುವುದನ್ನು ತಡೆಯುತ್ತದೆ. ಅದನ್ನು ಪಾಲಿಸಲೇಬೇಕು. ಆದರೆ ಬಾಡು ಉಣ್ಣುವುದು ಅಪರಾಧವಲ್ಲ, ಉಣ್ಣುವವರನ್ನು ಕೀಳಾಗಿ ನೋಡುವ ಹಕ್ಕೂ ಯಾರಿಗಿಲ್ಲ.

ವಚನ, ಕಾವ್ಯ ಹೇಳುವ ಎರಡೂ ಕಡೆಯವರಿಗೆ ನಮ್ಮದೊಂದು ಪ್ರಶ್ನೆ. ಆ ಮಾತನ್ನು ನಿಮ್ಮ ಮನೆಯಲ್ಲಿ ಎಷ್ಟು ಪಾಲಿಸುತ್ತೀರಿ?

2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆ ಖಾಲಿ ಮಾಡಿ, ಗೋಮೂತ್ರದಿಂದ ತೊಳೆದ ಸುದ್ದಿ ಬಂತು. ಕುರಿಗಾಗಿ ದಯೆಯ ವಚನ ಹೇಳುವವರಲ್ಲಿ ಎಷ್ಟು ಜನ ಆಗಲೂ ಅದನ್ನು ಹೇಳಿದರು? ಹಾಗೆಯೇ ಪಂಕ್ತಿಯಲ್ಲಿ ಜಾತಿ ಇಲ್ಲ ಎನ್ನುವವರು ಗುಂಡ್ಲುಪೇಟೆ ಕಡೆಯ ತಮ್ಮ ಹಳ್ಳಿಗೆ ಮರಳಿದ ಮೇಲೆ, ಮದುವೆ ಊಟದಲ್ಲೂ ಎಲ್ಲರ ಪಕ್ಕ ಕೂರುತ್ತಾರೆಯೇ?

ತನ್ನನ್ನು ಬಿಟ್ಟು ಬೇರೆಯವರಿಗಷ್ಟೇ ಅನ್ವಯಿಸಿ ಹೇಳಿದರೆ ವಚನವೂ ದೊಣ್ಣೆಯಾಗುತ್ತದೆ, ಕಾವ್ಯವೂ ದೊಣ್ಣೆಯಾಗುತ್ತದೆ. ಮುಂದಿನ ಸಲ ವಾಟ್ಸಾಪಿನಲ್ಲಿ ಯಾರಾದರೂ ಧರ್ಮದ ಮಾತು ಕಳಿಸಿದರೆ ಜಗಳಕ್ಕೆ ಹೋಗಬೇಡಿ. "ಅಣ್ಣಾ, ಇದನ್ನು ಓದಿ ನೀವು ಏನು ಬಿಟ್ಟಿರಿ?" ಎಂದಷ್ಟೇ ಕೇಳಿ.